ಮೂವತ್ತೇಳನೇ ಹವಳ ಮತ್ತು ನನ್ನ ಸಹಿ

ಯಗಟಿ
8-2-2026, ಭಾನುವಾರ

ಸುಳ್ಳುಬುರುಕಿ ತ್ರಿವೇಣಿಗೆ,

ನಿನ್ನ ಅಮ್ಮನಿಂದ ಅರ್ಧ ಆಶೀರ್ವಾದ, ಅರ್ಧ ಬೈಗುಳ. ಎರಡನ್ನೂ ಸಮನಾಗಿ ತೆಗೆದುಕೋ.

ನಿನ್ನ ಕಾಗದ, ಅದರ ಜೊತೆಗಿಟ್ಟ ಮನೆಯವರ ಒಪ್ಪಿಗೆ ಫಾರಂ ಎರಡೂ ಗುರುವಾರ ಕೈ ಸೇರಿದವು. ಇಪ್ಪತ್ತನೇ ತಾರೀಖಿನೊಳಗೆ ನನ್ನ ಸಹಿ ಬೀಳದಿದ್ದರೆ ಈ ವರ್ಷ ನಿನ್ನನ್ನು ನೀರಿಗೆ ಇಳಿಸುವುದಿಲ್ಲ, ಸಂಶೋಧನೆ ಅರ್ಧಕ್ಕೇ ನಿಲ್ಲುತ್ತದೆ ಎಂದು ಬರೆದಿದ್ದೀಯ. ಲಕ್ಷದ್ವೀಪದಲ್ಲಿ ಆಫೀಸಿನೊಳಗೆ ಕೂತು ಹವಳದ ಫೋಟೋ ಎಣಿಸುತ್ತೇನೆ ಅಂದವಳು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತೀಯ! ಹೋದ ವರ್ಷ ಹಾಸ್ಟೆಲ್ ಫಾರಂ ಎಂದು ಸಹಿ ಹಾಕಿಸಿಕೊಂಡಿದ್ದೂ ಇದಕ್ಕೇ. ಬಾಯಿ ಬಿಡಲು ಒಂದು ವರ್ಷ ಬೇಕಾಯಿತೇನೇ? ಎದುರಿಗೆ ಇದ್ದಿದ್ದರೆ ಬೆನ್ನಿಗೆ ಎರಡು ಬಿಡುತ್ತಿದ್ದೆ.

ಸುಳ್ಳು ಯಾಕೆ ಹೇಳಿದೆ ಎಂಬುದು ನನಗೆ ಗೊತ್ತಿಲ್ಲವೇ? ನೀನು ಹತ್ತು ವರ್ಷದವಳಿದ್ದಾಗ ನನ್ನ ತವರಿನಲ್ಲಿ, ಬುಕ್ಕಾಂಬುಧಿ ಕೆರೆಗೆ ಇಳಿದು ಮುಳುಗಿದ್ದೆ. ಜುಟ್ಟು ಹಿಡಿದು ಎಳೆದು ತಂದವಳು ನಾನೇ. ದಡದಲ್ಲಿ ಕೂರಿಸಿ ಹೊಡೆದವಳೂ ನಾನೇ. ಇನ್ನೊಮ್ಮೆ ನೀರಿಗೆ ಕಾಲಿಟ್ಟರೆ ನಾನು ನಿನ್ನ ಅಮ್ಮನೇ ಅಲ್ಲ ಎಂದಿದ್ದೆ. ಆ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಲ್ಲೇ ಮಗಳೇ.

ನಿಮ್ಮಪ್ಪನಿಗೆ ಕಾಗದ ಓದಿ ಹೇಳಿದೆ. ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, "ಬ್ಯಾಡ ಕಣೇ, ಇರೋಳೊಬ್ಳು ಮಗ್ಳು, ಸಹಿ ಹಾಕ್ಬ್ಯಾಡ" ಅಂದರು. ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆ ಚೌಡಪ್ಪನ ಮುಂದೆ, "ನಮ್ ಹುಡ್ಗಿ ಸಮುದ್ರದ ಡಾಕ್ಟ್ರು ಕಣಯ್ಯ, ತಳಕ್ಕೇ ಹೋಗಿ ಹವಳದ ಆರೋಗ್ಯ ನೋಡ್ತಾಳೆ" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದರಂತೆ. ಕಡೂರಿನ ಬಸ್ಸು ಎರಡು ಸಲ ಹಾರ್ನ್ ಹೊಡೆದರೂ ಹತ್ತಲಿಲ್ಲವಂತೆ. ಇವರ ಬೇಡ ಅನ್ನುವುದು ಅಷ್ಟೇ.

ಹವಳ ಎಂದರೆ ಕಲ್ಲು ಅಂದುಕೊಂಡಿದ್ದೆ. ಅದು ಜೀವ, ನೀರು ಕಾದರೆ ಬಿಳಿಚಿಕೊಳ್ಳುತ್ತದೆ ಎಂದು ಬರೆದಿದ್ದೀಯ. ಪಕ್ಕದಲ್ಲಿ ಬಣ್ಣದ ಕಾರ್ಡು ಹಿಡಿದು, ನಂಬರ್ ಹಾಕಿದ ಒಂದೊಂದು ಹವಳದ ಬಣ್ಣವನ್ನೂ ಗುರುತು ಮಾಡಿಕೊಳ್ಳುತ್ತೀಯಂತೆ. ಅಯ್ಯೋ ಹುಚ್ಚಿ, ಇದು ನನ್ನ ಕೆಲಸವಲ್ಲವೇನೇ! ಅಂಗನವಾಡಿಯಲ್ಲಿ ಮಕ್ಕಳ ತೋಳಿಗೆ ಪೌಷ್ಟಿಕತೆ ಅಳೆಯುವ ಪಟ್ಟಿ ಸುತ್ತಿ ಕೆಂಪೋ ಹಳದಿಯೋ ಹಸಿರೋ ಎಂದು ನಾನು ಬರೆದುಕೊಳ್ಳುವುದಿಲ್ಲವೇ? ಇದನ್ನೇ ನಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡುವ ಜಯಲಕ್ಷ್ಮಮ್ಮನಿಗೆ ಹೇಳಿದರೆ ಸೌಟು ಕೆಳಗಿಟ್ಟು, "ಅಂಗಾರೆ ನಿಮ್ಮುಡ್ಗಿದೂ ಅಂಗನವಾಡಿನೇ ಬುಡಿ ಟೀಚರ್" ಎಂದು ನಕ್ಕಳು.

ಎಲ್ಲರೂ ಸತ್ತಿತು ಎಂದು ಕೈಬಿಟ್ಟಿದ್ದ ಮೂವತ್ತೇಳನೇ ನಂಬರಿನ ಹವಳದ ಅಂಚಿಗೆ ಹೋದ ಸಲ ಇಳಿದಾಗ ಕಂದು ಬಣ್ಣ ಮರಳಿತ್ತು, ನೀರೊಳಗೇ ಕಿರುಚಿಬಿಟ್ಟೆ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ನನಗೆ ಅಳು ಬಂತು. ಸಂತೋಷದ ಅಳು. ಚೌಡಪ್ಪನ ಮೊಮ್ಮಗಳ ತೋಳಿನ ಪಟ್ಟಿ ಕೆಂಪು ದಾಟಿ ಹಳದಿಗೆ ಬಂದ ದಿನ ನಾನೂ ಹೀಗೇ ಕಿರುಚಿದ್ದೆ, ಮಗು ಹೆದರಿ ಅತ್ತಿತ್ತು. ಒಂದು ಬುದ್ಧಿಮಾತು: ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಬಣ್ಣ ನೋಡು. ಬಿಸಿಲು ಬದಲಾದರೆ ಕಣ್ಣು ಮೋಸ ಮಾಡುತ್ತದೆ.

ಮೊನ್ನೆ ಕಾಂತರಾಜು ಮಾವ ಬುಕ್ಕಾಂಬುಧಿ ಕೆರೆಯಿಂದ ದೊಡ್ಡ ಮೀನು ತಂದಿದ್ದ. ಸಾರು ಮಾಡಿ ಅವನಿಗೂ ನಿಮ್ಮಪ್ಪನಿಗೂ ಬಡಿಸಿದೆ. ನಾನು ಸೊಪ್ಪಿನ ಸಾರಿನಲ್ಲೇ ಮುದ್ದೆ ಉಂಡೆ. "ಅದ್ಯಾವ ಹರಕೆ ಕಣಕ್ಕ, ಒಂದ್ವರ್ಷದಿಂದ ಮೀನೇ ಮುಟ್ತಿಲ್ವಲ್ಲ" ಎಂದು ರೇಗಿಸಿದ. ಹರಕೆ ಹೇಳಿದರೆ ಫಲಿಸುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ.

ಫಾರಂ ಇದರ ಜೊತೆಗೇ ಇದೆ. ಸಹಿ ಹಾಕಿದ್ದೇನೆ. ಒಂದೇ ಷರತ್ತು: ನೀರಿನಿಂದ ಮೇಲೆ ಬಂದ ಕೂಡಲೇ, ತಲೆ ಒರೆಸಿಕೊಳ್ಳುವ ಮೊದಲೇ, ಫೋನು ಮಾಡಬೇಕು. ಮೂವತ್ತೇಳನೆಯದು ಹೇಗಿದೆ ಎಂದೂ ಹೇಳಬೇಕು.

ಇಂತಿ, ಇನ್ನೂ ನಿನ್ನ ಅಮ್ಮನೇ ಆಗಿರುವ,
ದುರ್ಗಮ್ಮ

ಮರೆತ ಮಾತು: ಇಪ್ಪತ್ತೆರಡು ವರ್ಷ ರಿಜಿಸ್ಟರ್ ತುಂಬಿದವಳು ಓದದ ಕಾಗದಕ್ಕೆ ಸಹಿ ಹಾಕುತ್ತಾಳೇನೇ ಪೆದ್ದೇ? ಹೋದ ವರ್ಷ ನೀನು ಸ್ನಾನಕ್ಕೆ ಹೋದಾಗ ಆ ಇಂಗ್ಲಿಷ್ ಫಾರಂ ಹಿಡಿದು ರೇಣುಕಪ್ರಸಾದ್ ಮೇಷ್ಟ್ರ ಮನೆಗೆ ಓಡಿದ್ದೆ. ಅವರು ಒಂದಕ್ಷರ ಬಿಡದೆ ಓದಿ ಹೇಳಿದರು. ಎಲ್ಲಾ ಗೊತ್ತಿದ್ದೇ ಸಹಿ ಹಾಕಿದೆ. ನೀನಾಗಿ ಹೇಳಲಿ ಎಂದು ಕಾದೆ. ಮೀನು ಬಿಟ್ಟಿದ್ದೂ ಆವತ್ತೇ. ನನ್ನ ಮಗಳು ಅವುಗಳ ಮನೆಯಲ್ಲಿ ಓಡಾಡುತ್ತಿರುವಾಗ, ಇಲ್ಲಿ ನಾನು ಅವನ್ನು ಹೇಗೆ ಹುರಿದು ತಿನ್ನಲಿ?