ಗುರುಪಾದಪ್ಪ ಮಾಸ್ತರರ ವಾಲ್ವ್ ಮೀಟರ್

ನನ್ನ ಕೈಗೆ ಮೊದಲ ಸಲ ಮೀಟರ್ ಕೊಟ್ಟ ಗುರುಪಾದಪ್ಪ ಮಾಸ್ತರರಿಗೆ,

ನಿಮ್ಮ ವಾಲ್ವ್ ಮೀಟರ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಮೊದಲೇ ಹೇಳಿಬಿಡುತ್ತೇನೆ. ಜಮಖಂಡಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅರ್ಧ ಮೇಜು ನುಂಗಿ ಕೂತಿದ್ದ, ವೋಲ್ಟ್ ಅಳೆಯುವ ಕಬ್ಬಿಣದ ಪೆಟ್ಟಿಗೆ ಅದು. ಬೆಳಗ್ಗೆ ಬಂದವರೇ ಅದರ ಸ್ವಿಚ್ ಹಾಕಿ, ಚಹಾ ಕುಡಿದು ಬಂದು, ಹಳೇ ರೇಡಿಯೊದಲ್ಲಿರುವಂಥ ಒಳಗಿನ ಗಾಜಿನ ವಾಲ್ವ್ ಕಾದ ಮೇಲೆ ಮುಳ್ಳನ್ನು ಸೊನ್ನೆಗೆ ತರುತ್ತಿದ್ದಿರಿ. "ಅದು ಕಣ್ಣ ತಿಕ್ಕೊಂಡ ಏಳಬೇಕ್ರಿ, ಗಡಬಡ ಮಾಡಬ್ಯಾಡ್ರಿ" ಅನ್ನುತ್ತಿದ್ದಿರಿ. ಒಂದು ಮೀಟರಿಗೆ ಇಷ್ಟು ಉಪಚಾರವೇ? ಬೀಗರಿಗೂ ಯಾರೂ ಮಾಡುವುದಿಲ್ಲ.

ನಿಮ್ಮ ಕೈಯಲ್ಲಿ ಕಲಿತ ನಾನು ಅದೇ ಲ್ಯಾಬಿಗೆ, ನಿಮಗಿಂತ ಮೇಲಿನ ಲೆಕ್ಚರರ್ ಆಗಿ ಬಂದದ್ದು ನೆನಪಿದೆಯೇ? "ತಮ್ಮಾ" ಎನ್ನುತ್ತಿದ್ದವರು ಅಂದಿನಿಂದ "ಸರ" ಎಂದಿರಿ. ನನಗೆ ಖುಷಿಯಾಯಿತು. ಎಂಥ ಅಲ್ಪ ಮನುಷ್ಯ ನಾನು! ಜೇಬಿನಲ್ಲಿ ಹಿಡಿಸುವ ಅಗ್ಗದ ಡಿಜಿಟಲ್ ಮೀಟರೊಂದನ್ನು ತಂದು, ಹುಡುಗರೆದುರು ಅಂಕಿ ಮೂಡಿಸಿ ಮೆರೆದೆ.

ಆ ಪ್ರಾಕ್ಟಿಕಲ್ ಪರೀಕ್ಷೆಯ ದಿನ... ಮುಚ್ಚಿದ ಡಬ್ಬಿಯೊಂದರಿಂದ ಹೊರಬಂದ ಎರಡು ತಂತಿಗಳ ನಡುವೆ ಎಷ್ಟು ವೋಲ್ಟ್ ಎಂದು ಅಳೆಯಬೇಕಿತ್ತು. ನನ್ನ ಮೀಟರಿನಲ್ಲಿ ನೋಡಿ ಉತ್ತರ ಬರೆದಿಟ್ಟಿದ್ದೆ: ಮೂರೂ ಚಿಲ್ಲರೆ. ರಬಕವಿಯ ನೇಕಾರರ ಮನೆಯ ಶೋಭಾ ನಿಮ್ಮ ಮೀಟರ್ ಹಚ್ಚಿ ಸುಮಾರು ಐದು ಎಂದು ಬರೆದಳು. ತಿದ್ದು, ಪಾಸು ಮಾಡುತ್ತೇನೆ ಎಂದೆ. ತಿದ್ದಲಿಲ್ಲ. ನೀವು ಮೆಲ್ಲಗೆ, "ಎರಡೂ ಮೀಟರ್ ಕೂಡಿಸಿ ಹಚ್ಚಿ ನೋಡ್ರಿ ಸರ" ಎಂದಿರಿ. "ಈ ಡಬ್ಬಾನೂ ನಿಮ್ಮಂಗ ರಿಟೈರ್ ಆಗೂ ಹೊತ್ತಾತ್ರಿ ಮಾಸ್ತರ" ಎಂದು ಎಲ್ಲರೆದುರು ನಕ್ಕೆ. ಅವಳು ಫೇಲಾದಳು. ನೀವು ಮೀಟರಿಗೆ ಬಟ್ಟೆ ಹೊದಿಸಿ ರಬಕವಿ-ಬನಹಟ್ಟಿ ಬಸ್ಸು ಹತ್ತಿದಿರಿ. ನಿವೃತ್ತಿಯಾಗಿ ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚಿದಿರಿ.

ಹೋದ ವಾರ ಗುಜರಿಗೆ ಹಾಕುವ ಸಾಮಾನಿನ ಪಟ್ಟಿ ಬರೆಯುವಾಗ ಅದೇ ಬಟ್ಟೆ ತೆಗೆದೆ. 'ನಿರುಪಯುಕ್ತ' ಎಂದು ಬರೆಯುವ ಮುನ್ನ ಒಮ್ಮೆ ಪರೀಕ್ಷಿಸಬೇಕೆಂಬ ನಿಯಮವಿದೆಯಲ್ಲ, ಅದಕ್ಕಾಗಿ ಕಾಯಿಸಿ, ಸೊನ್ನೆಗೆ ತಂದು, ಕಪಾಟಿನಲ್ಲಿದ್ದ ಆ ಪರೀಕ್ಷೆಯ ಡಬ್ಬಿಗೇ ಹಚ್ಚಿದೆ. ಮುಳ್ಳು ಐದರ ಹತ್ತಿರ ನಿಂತಿತು. ಜೊತೆಗೆ ನನ್ನದನ್ನೂ ಹಚ್ಚಿದೆ. ನಿಮ್ಮ ಮುಳ್ಳು ಸರ್ರನೆ ಮೂರಕ್ಕೆ ಇಳಿಯಿತು! ನನ್ನ ಮೀಟರ್ ಅಳೆಯುವ ನೆಪದಲ್ಲಿ ಕರೆಂಟು ಎಳೆದುಕೊಂಡು ವೋಲ್ಟನ್ನೇ ಇಳಿಸುತ್ತಿತ್ತು. ನಿಮ್ಮದು ಎಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ವರ್ಷದಲ್ಲಿ ನೀವೇ ನನಗೆ ಕಲಿಸಿದ ಪಾಠವಲ್ಲವೇ ಇದು? ಅದನ್ನು ಮರೆತವನಿಗೆ ಸಂಬಳ ಬೇರೆ ಕೇಡು.

ನಿನ್ನೆ ರಬಕವಿಗೆ ಹೋಗಿ ಶೋಭಾಳ ಮುಂದೆ ತಪ್ಪು ಒಪ್ಪಿಕೊಂಡೆ. ಅವಳು ಮಗ್ಗ ನಿಲ್ಲಿಸಿ, "ನಂಗ ಗೊತ್ತಿತ್ರಿ ಸರ" ಎಂದಳು. "ಅವತ್ತ ಸಂಜೀಕ ಮಾಸ್ತರ ಮನಿಗಿ ಬಂದಿದ್ರು. 'ನಿನ್ನ ರೀಡಿಂಗ್ ಖರೆ ಐತಿ, ಅವನ ಹೆಸರ ಮಾತ್ರ ಎಲ್ಲೂ ಕೆಡಸಬ್ಯಾಡವಾ, ಅವಗ ಕಲಿಸಿದಾಂವ ನಾನ, ತಪ್ಪ ನಂದ' ಅಂದ್ರು."

ನನ್ನ ಹೆಸರು ನಾನೇ ಕೆಡಿಸಿಕೊಳ್ಳುತ್ತೇನೆ ಮಾಸ್ತರ. ಸೋಮವಾರ ಶೋಭಾ ಲ್ಯಾಬಿಗೆ ಬರುತ್ತಾಳೆ. ಹುಡುಗರೆದುರು ಎರಡೂ ಮೀಟರ್ ಹಚ್ಚುವವಳು ಅವಳೇ. ಅಂದು ಫೇಲಾಗಬೇಕಿದ್ದವನು ಯಾರೆಂದು ನಾನು ಹೇಳುತ್ತೇನೆ. ಬೆಳಗ್ಗೆ ಮೊದಲು ಹೋಗಿ ಸ್ವಿಚ್ ಹಾಕುತ್ತೇನೆ, ಚಹಾ ಆಮೇಲೆ.

ನಿಮ್ಮ
ತಮ್ಮಾ