ಕೈಯಲ್ಲಿ ಐದು ಬಂದ ಮೇಲೆ

ಷೆಡ್ಡಿನ ಮೇಲಿನ ಕೋಣೆ
ಜನವರಿ 21, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಬಲಗೈಗೆ ಈಗ ಮುಷ್ಟಿ ಕಟ್ಟಲು ಬರುತ್ತದೆಯೇ, ಇಲ್ಲ ಆ ಮೂರು ಬೆರಳು ಇನ್ನೂ ಮುನಿಸಿಕೊಂಡೇ ಇವೆಯೇ? ಬಿಸಿನೀರಿನಲ್ಲಿ ಕೈ ಅದ್ದಿ ದಿನಕ್ಕೆರಡು ಸಲ ಸ್ಪಂಜು ಹಿಂಡು ಎಂದು ಡಾಕ್ಟರು ಹೇಳಿದ್ದನ್ನು ನೀನು ಮಾಡುತ್ತಿಲ್ಲವೆಂದು ಚಿಕ್ಕಮ್ಮ ಚಾಡಿ ಹೇಳಿದ್ದಾರೆ. ಅವರ ಮನೆಯಲ್ಲಿ ಊಟ ಸೇರುತ್ತಿದೆ ತಾನೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ. ನಿನ್ನ ಸೊಸೆಗೆ, ಅದೇ ನನ್ನ ಮಗಳಿಗೆ, ಏಳು ತಿಂಗಳು ತುಂಬಿತು. ನೀನಿಟ್ಟ ಅಡ್ಡಹೆಸರೇ ಅಂಟಿಕೊಂಡಿದೆ, ಎಲ್ಲರೂ ಸೈಲೆನ್ಸರ್ ಎಂದೇ ಕರೆಯುವುದು. ಬಾಯಿ ಮಾತ್ರ ಸೈಲೆನ್ಸರ್ ಬಿಚ್ಚಿದ ಗಾಡಿಯದೇ. ಈಗ ಮಲಗಿದ್ದಾಳೆ, ಎಷ್ಟು ಹೊತ್ತೋ. ನಾನು ನೆಟ್ಟಗೆ ನಿದ್ದೆ ಮಾಡಿಯೂ ಏಳು ತಿಂಗಳೇ ಆಯಿತು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಫೋನು ಮಾಡಬಹುದಿತ್ತು. ನೀನು ಎತ್ತುವುದಿಲ್ಲ. ಎತ್ತಿದರೂ ನಿನ್ನ ದನಿ ಕೇಳಿದ ಮೇಲೆ ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ.

ಕೆಳಗೆ ನಮ್ಮ ರೇಸ್ ಗಾಡಿ ಬರೀ ಎಲುಬಾಗಿ ನಿಂತಿದೆ. ಎಂಜಿನ್ ಇಳಿಸಿ ಆಯಿತು. ಬಗ್ಗಿಹೋಗಿದ್ದ ಮುಂದಿನ ಪೈಪುಗಳನ್ನು ನಿನ್ನ ಭಾವ ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿದ್ದಾರೆ. ಅಪ್ಪ ಪಿಸ್ಟನ್‌ಗಳನ್ನು ಹಳೆಯ ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸಿ, ಕನ್ನಡಕ ಹಣೆಗೇರಿಸಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಮೊದಲಿನ ಹಾಗೆ ಬೈಯುವುದಿಲ್ಲ. ಸ್ಪ್ಯಾನರ್ ಕಾಲ ಮೇಲೆ ಬಿದ್ದರೂ ಸುಮ್ಮನೆ ಎತ್ತಿಟ್ಟುಕೊಳ್ಳುತ್ತಾರೆ. ಅವರ ಬೈಗುಳವಿಲ್ಲದ ಷೆಡ್ಡಿನಲ್ಲಿ ಇರುವುದು ಕಷ್ಟ ಅಣ್ಣಾ. ಮೊನ್ನೆ ಮರೆತು, 'ಲೋ, ಹನ್ನೆರಡು ನಂಬರ್ ಕೊಡೋ' ಎಂದು ನೀನು ನಿಲ್ಲುತ್ತಿದ್ದ ಕಡೆ ಕೈ ಚಾಚಿದರು. ಚಾಚಿದ ಕೈಯನ್ನು ಹಾಗೇ ಪ್ಯಾಂಟಿಗೆ ಒರೆಸಿಕೊಂಡರು.

ಶನಿವಾರ ನಿನ್ನ ಸೀಟು ಕೀಳುತ್ತಾರೆ. ನಿನ್ನ ಬೆನ್ನಿನ ಅಚ್ಚಿಗೇ ಫೋಮ್ ಸುರಿದು ಮಾಡಿದ್ದು ಅದು. ಅಂದು ನೀನು ಅಲುಗಾಡದೆ ಕೂತು 'ಅಪ್ಪಾ, ಬೆನ್ನು ಬೇಯ್ತಿದೆ, ತಿರುವಿ ಹಾಕಿ' ಎಂದು ಕಿರುಚಿದ್ದಕ್ಕೆ ಅವರು ಡಬ್ಬಿ ಕೈಬಿಡುವಷ್ಟು ನಕ್ಕಿದ್ದರು. ಇನ್ನು ನಿನ್ನ ಭಾವನ ಅಚ್ಚಿಗೆ ಹೊಸದು. ಮಾರ್ಚಿನಿಂದ ಇವರೇ ಓಡಿಸಬೇಕಂತೆ. ಇವರು ಬೇಡವೆಂದರು. ಅಪ್ಪ, 'ಅಳಿಯಂದ್ರೇ, ನಿಮ್ಮ ಕೈಯಾದ್ರೂ ಹೊತ್ತಿಗೆ ಸರಿಯಾಗಿ ಆಡುತ್ತೆ' ಎಂದುಬಿಟ್ಟರು. ನಿನ್ನ ಹೆಸರೆತ್ತದೆ ನಿನಗೆ ಹೊಡೆಯುವುದನ್ನು ಚೆನ್ನಾಗಿ ಕಲಿತಿದ್ದಾರೆ. ಅಕ್ಟೋಬರಿನ ಆ ಕೊನೆಯ ರೇಸಿನಲ್ಲಿ ಗೆರೆ ದಾಟಿದ ಮೇಲೆ, ಲಿವರ್ ಎಳೆದರೆ ಹಿಂದೆ ಬಿಚ್ಚಿಕೊಂಡು ವೇಗ ತಡೆಯುವ ಪ್ಯಾರಾಚೂಟ್ ಅರಳಲಿಲ್ಲ, ಗಾಡಿ ಟ್ರ್ಯಾಕಿನ ಕೊನೆಯ ಮರಳನ್ನೂ ದಾಟಿ ಗೋಡೆಗೆ ಬಡಿಯಿತು. ಆಸ್ಪತ್ರೆಯಲ್ಲಿ ನೀನೇ ಹೇಳಿದೆ, 'ಲಿವರ್ ಎಳೆಯೋದು ತಡ ಆಯ್ತಪ್ಪಾ, ನಂದೇ ತಪ್ಪು'. 'ಕೈ ನಿದ್ದೆ ಮಾಡೋನಿಗೆ ಇನ್ನು ನನ್ನ ಗಾಡಿ ಇಲ್ಲ' ಎಂದರು ಅವರು, ಬ್ಯಾಂಡೇಜು ಸುತ್ತಿದ ಆ ಕೈಯ ಎದುರಿಗೇ. ನೀನು ಗೋಡೆಯ ಕಡೆ ತಿರುಗಿಕೊಂಡೆ. ಎಲ್ಲರೂ ನಿನ್ನ ಮಾತು ನಂಬಿದರು. ನಾನೂ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಭಾನುವಾರ ಅಪ್ಪ ಅಂದಿನಿಂದ ಮೂಲೆಯಲ್ಲಿದ್ದ ಗೋಣಿಚೀಲವನ್ನು ನನ್ನ ಮುಂದೆ ತಂದಿಟ್ಟು, 'ಮರಳು ಕೊಡವಿ, ತೊಳೆದು, ಈ ಸಲವೂ ಪ್ಯಾರಾಚೂಟ್ ನೀನೇ ಮಡಿಸಮ್ಮ. ನಿನ್ನ ಕೈ ಮೇಲೆ ನಂಬಿಕೆ ಇದೆ' ಎಂದರು. ಅಮ್ಮ ಕಲಿಸಿದ ಕ್ರಮ ನಿನಗೂ ಗೊತ್ತು. ಹಗ್ಗಗಳು ಸಿಕ್ಕಾಗದಂತೆ ಐದು ಕಡೆ ಕಪ್ಪು ರಬ್ಬರ್ ಬ್ಯಾಂಡ್ ಬಿಗಿದು, ಗಾಡಿಯ ಹಿಂದೆ ಕಟ್ಟುವ ಚೀಲಕ್ಕೆ ತುಂಬುವಾಗ ಒಂದೊಂದನ್ನೇ ಬಿಚ್ಚಿ ಎಡಗೈಗೆ ಏರಿಸಿಕೊಳ್ಳಬೇಕು. 'ಕೈಯಲ್ಲಿ ಐದು ಬರೋವರೆಗೂ ಚೀಲ ಮುಚ್ಚಬೇಡ' ಎನ್ನುತ್ತಿದ್ದಳು. ಅವಳು ಹೋದಮೇಲೆ ಆರು ವರ್ಷ ಮಡಿಸಿದೆ, ಒಂದು ಸಲವೂ ತಪ್ಪಿಲ್ಲ ಎಂದುಕೊಂಡಿದ್ದೆ. ಮೊನ್ನೆ ಮರಳು ಕೊಡವುತ್ತಿದ್ದಾಗ, ಹಗ್ಗಗಳು ಬಟ್ಟೆಗೆ ಸೇರುವ ಕಡೆ, ಒಂದು ಬ್ಯಾಂಡ್ ಪ್ಯಾರಾಚೂಟಿನ ಬಾಯಿ ಕಟ್ಟಿದ ಹಾಗೆ ಬಿಗಿಯಾಗಿ ಕೂತಿತ್ತು. ಕೈಗೆ ಸಿಕ್ಕಾಗ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆ ಬೆಳಿಗ್ಗೆ ಪೂರ್ತಿ ನೆನಪಿಗೆ ಬಂತು. ನಾಲ್ಕು ಬಿಚ್ಚಿದ್ದೆ, ಮಗು ಅತ್ತಿತು. ಎತ್ತಿಕೊಂಡು ಹಾಲು ಕೊಟ್ಟೆ. ಅವಳು ನನ್ನ ಜುಟ್ಟಿನ ಕಪ್ಪು ಬ್ಯಾಂಡ್ ಎಳೆದು ಕಿತ್ತಳು, ಅದನ್ನು ಬಿಡಿಸಿ ಕೈಗೆ ಹಾಕಿಕೊಂಡೆ. ವಾಪಸ್ಸು ಬಂದು ಎಣಿಸಿದೆ. ಐದು. ಚೀಲ ಮುಚ್ಚಿದೆ.

ನಾನೇ ಅಣ್ಣಾ. ನಿನ್ನ ಕೈ ತಡವಾಗಿರಲೇ ಇಲ್ಲ. ಮತ್ತು ನಿನಗೆ ಅದು ಗೊತ್ತಿತ್ತು, ಅಲ್ಲವೇ? ಲಿವರ್ ಎಳೆದ ಮೇಲೆ ಬೆಲ್ಟು ಎದೆಗೆ ಜಗ್ಗಬೇಕಿತ್ತು, ಜಗ್ಗಲಿಲ್ಲ. ಮಡಿಸಿದವರಾರೆಂದು ಯೋಚಿಸಲು ನಿನಗೆ ಎಷ್ಟು ಹೊತ್ತು ಬೇಕು. ಅದಕ್ಕೇ ಕಣ್ಣುಬಿಟ್ಟ ಕೂಡಲೇ ಅಷ್ಟು ನೋವಿನಲ್ಲೂ 'ಪುಟ್ಟಿ, ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತೇ?' ಎಂದು ಕೇಳಿದ್ದು. ಬರೀ ಅಕ್ಕರೆ ಎಂದುಕೊಂಡಿದ್ದೆ. ಈಗ ಇವರು ಆ ಸೀಟಿನಲ್ಲಿ ಕೂರುತ್ತಾರೆ, ಹಿಂದೆ ನಾನು ಮಡಿಸಿದ್ದು ಇರುತ್ತದೆ. ಮಗುವಿನ ಉಸಿರು ಎಣಿಸುವಾಗಲೂ ಐದಕ್ಕೆ ಬಂದು ನಿಂತುಬಿಡುತ್ತೇನೆ. ಅಪ್ಪನಿಗೆ ಹೇಳಲು ಮೂರು ಸಲ ಮೆಟ್ಟಿಲಿಳಿದೆ. ಬೈಗುಳದ ಭಯವಲ್ಲ, 'ನಿನ್ನ ಕೈ ಮೇಲೆ ನಂಬಿಕೆ ಇದೆ' ಎಂದಾಗಿನ ಆ ಮುಖ ಮತ್ತೆ ಸಿಗುವುದಿಲ್ಲವಲ್ಲ ಎಂಬ ಭಯ. ಮೂರು ಸಲವೂ ಟೀ ಬೇಕಾ ಎಂದು ಕೇಳಿ ಹತ್ತಿ ಬಂದೆ.

ಎದ್ದಳು, ಕೂಗು ಶುರು. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಬೇಜಾರಾದರೂ ಆ ಸ್ಪಂಜನ್ನು ಹಿಂಡು, ನನ್ನಾಣೆ.

ನಿನ್ನ
ಪುಟ್ಟಿ

ತಾ.ಕ.: ಗುರುವಾರ. ಎರಡು ದಿನ ಅಂಚೆಗೆ ಹಾಕಲಾಗಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. 'ಅವನು ಸುಳ್ಳು ಹೇಳ್ತಿದಾನೆ ಅಂತ ನನಗೆ ತಿಳೀಲಿಲ್ವಲ್ಲ' ಎಂದು ಟೈರಿನ ಮೇಲೆ ಕೂತುಬಿಟ್ಟರು. ಈಗ ನಿನ್ನಲ್ಲಿಗೇ ಹೊರಟಿದ್ದಾರೆ. ಗೇಟಿನಲ್ಲಿ ನಿಂತು 'ಬಸ್ಸು ಹೋಗುತ್ತೆ, ಬೇಗ ಬರಿಯಮ್ಮ' ಎನ್ನುತ್ತಿದ್ದಾರೆ. ಈ ಕವರು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಕ್ಷಮಿಸು ಎನ್ನಲು ಅವರಿಗೆ ಬರುವುದಿಲ್ಲ. ಎಂಜಿನ್ ಬಗ್ಗೆ ಏನೋ ಶುರು ಮಾಡುತ್ತಾರೆ, ಕೇಳಿಸಿಕೋ. ನಿನ್ನ ಬೆರಳು ನೋಡಿದರೆ ಅತ್ತುಬಿಡುತ್ತಾರೆ. ಆಗ ಸಮಾಧಾನ ಮಾಡಲು ಹೋಗಿ ಮತ್ತೆ 'ನಂದೇ ತಡ ಆಯ್ತು' ಎನ್ನಬೇಡ. ನನ್ನ ತಪ್ಪನ್ನು ನನಗೆ ಬಿಟ್ಟುಕೊಡು ಅಣ್ಣಾ.