ಮಲ್ಲಿಗೆ ತೋಟದ ಬಿಳಿ ಕಲ್ಲುಗಳು

ಮೋಖಾ ತೀರದ ಶಿಬಿರ
ಶವ್ವಾಲ್ ತಿಂಗಳ ಕೊನೆಯ ವಾರ

ಪ್ರೀತಿಯ ತಖಿಯ್ಯಾ,

ನಿನಗೂ ನಿನ್ನ ಅಕ್ಕನ ಮನೆಯವರಿಗೂ ಒಳ್ಳೆಯದಾಗಿರಲಿ. ಈದ್ ಹಬ್ಬಕ್ಕೆ ಮುಂಚೆಯೇ ಬರೆಯಬೇಕಿತ್ತು, ತಡವಾಯಿತು, ಮನ್ನಿಸು. ಫೋನ್ ಮಾಡಿದರೆ ಇಬ್ಬರೂ ಸುಮ್ಮನೆ ಉಸಿರು ಕೇಳುತ್ತಾ ಕೂರುತ್ತೇವೆ. ಆಮೇಲೆ ನಿನ್ನ ಅಕ್ಕ ಫೋನ್ ತೆಗೆದುಕೊಂಡು ಏಡನ್‌ನ ಸೆಕೆಯ ಸುದ್ದಿ ಹೇಳುತ್ತಾರೆ. ಅದಕ್ಕೇ ಈ ಕಾಗದ. ಮೀನಿನ ಲಾರಿಯ ಉಬೈದ್ ತಲುಪಿಸುತ್ತಾನೆ. ವಾಸನೆ ಬಂದರೆ ಅದು ಅವನದು, ನನ್ನದಲ್ಲ.

ಗೋರಾನ್ ತನ್ನ ದೇಶಕ್ಕೆ ಹೊರಟುಹೋದ. ನೆಲಬಾಂಬು ತೆಗೆಯುವುದನ್ನು ನಮಗೆಲ್ಲ ಕಲಿಸಿದವನು ಈಗ ಇಲ್ಲಿಲ್ಲ ಎಂಬುದು ಬೆಳಿಗ್ಗೆ ಏಳುವಾಗ ಮರೆತುಹೋಗಿರುತ್ತದೆ. ಹೋಗುವಾಗ ಒಂದು ಜೊತೆ ಮೊಣಕಾಲ ಪಟ್ಟಿಯನ್ನು ನನ್ನ ಕೈಗಿಟ್ಟು, "ಇನ್ನು ನಿಮ್ಮ ನೆಲ, ನಿಮ್ಮ ಮಾತು" ಎಂದ. ಈಗ ಕಲಿಸುವವರೂ ನಾವೇ, ತೆಗೆಯುವವರೂ ನಾವೇ, ಈ ಜಾಗ ಸುರಕ್ಷಿತವೆಂದು ಹೇಳುವವರೂ ನಾವೇ. ಹೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ನನ್ನ ತಂಡದ ಹುಡುಗರು ಹೊರಗಿನವರ ನೆರವಿಲ್ಲದೆ ಮುಗಿಸಿದ ಮೊದಲ ಜಾಗ ಇಲ್ಲಿಯ ಮಲ್ಲಿಗೆ ತೋಟ. ಯುದ್ಧ ಬಂದಾಗಿನಿಂದ ಅದರೊಳಗೆ ಯಾರೂ ಕಾಲಿಟ್ಟಿರಲಿಲ್ಲ. ಅರ್ಧ ಗಿಡಗಳು ಒಣಗಿವೆ, ಉಳಿದವು ಮನಸ್ಸಿಗೆ ಬಂದಂತೆ ಹಬ್ಬಿವೆ. ಮೊಣಕಾಲೂರಿ, ಹೊಟ್ಟೆಯ ಮೇಲೆ ಮಲಗಿ, ಒಂದೊಂದು ಬುಡದ ಮಣ್ಣನ್ನೂ ತೆಳು ಸಲಾಕಿಯಿಂದ ಓರೆಯಾಗಿ ಚುಚ್ಚಿ ನೋಡಿದೆವು. ಕೊನೆಗೆ ಅಪಾಯ ಸೂಚಿಸುವ ಅಂಚಿನ ಕೆಂಪು ಕಲ್ಲುಗಳನ್ನು ಎತ್ತಿ, ಸುರಕ್ಷಿತವೆಂದು ಬಿಳಿ ಕಲ್ಲು ಇಟ್ಟೆವು. ವಾಡಿಕೆಯಂತೆ ಊರವರ ಕಣ್ಣೆದುರು ನಾವೇ ತೋಟದ ತುಂಬ ಕೈ ಕೈ ಹಿಡಿದು ನಡೆದೆವು, ನಡುವೆ ಕೂತು ಚಹಾ ಕುಡಿದೆವು.

ಹೆಂಗಸರು ಬೇಲಿಯಾಚೆಯೇ ನಿಂತಿದ್ದರು. ತೋಟದ ಒಡತಿ ಮಸ್ತೂರಾ ಎಂಬ ಮುದುಕಿ.

"ನಿಮಗೇನಪ್ಪ, ಸಂಬಳಕ್ಕೆ ನಡೀತೀರಿ. ನಾವು ಹೂವಿಗೆ ನಡೀಬೇಕು," ಎಂದಳು.

"ನಾನೇ ಹುಡುಕಿದ್ದು ಅಜ್ಜಿ, ನಂಬು," ಎಂದ ನಮ್ಮ ತಂಡದಲ್ಲಿರುವ ಅದೇ ಊರಿನ ಶುಐಬ.

"ನೀನಾ? ಎರಡು ಆಡು ಮೇಯಿಸ್ಕೊಂಡು ಬಾ ಅಂದ್ರೆ ಒಂದನ್ನೇ ಹೊಡ್ಕೊಂಡು ಬರ್ತಿದ್ದೋನು! ಆ ಪರದೇಶಿ ಹೇಳಿದ್ರೆ ನಂಬ್ತಿದ್ದೆ. ಅವನ ಮೂಗು ಒರೆಸಿದೋಳು ನಾನಲ್ಲವಲ್ಲ."

ಎಲ್ಲರೂ ನಕ್ಕರು, ಶುಐಬನೂ. ಆಕೆ ನನ್ನತ್ತ ತಿರುಗಿದಳು. "ಇವರಿಗೆಲ್ಲ ನೀನೇ ದೊಡ್ಡೋನು ಅಲ್ವಾ? ನಿನ್ನ ಸ್ವಂತ ಮಗನ್ನ ಕಳಿಸ್ತೀಯಾ ಇಂಥ ನೆಲಕ್ಕೆ? ಹೇಳು."

ಹುಡುಗರ ನಗು ನಿಂತಿತು. ಶುಐಬ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಅದು ಬಿಚ್ಚಿರಲಿಲ್ಲ.

"ಹೆಂಡತೀನ ಕರೆಸ್ತೀನಿ ಅಜ್ಜಿ, ಮೊದಲ ಹೂವು ಅವಳೇ ಬಿಡಿಸ್ತಾಳೆ," ಎಂದೆ.

"ಕರೆಸು ಮತ್ತೆ. ಅವಳು ಕಾಲಿಟ್ಟಲ್ಲಿ ನಾನೂ ಇಡ್ತೀನಿ. ಬರ್ತಾಳಾ?"

"ಗೊತ್ತಿಲ್ಲ."

ಅದಕ್ಕೂ ನಕ್ಕರು.

ಹೀಗೆ ನಿನ್ನನ್ನು ಕೇಳದೆಯೇ ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ. ಮೊಗ್ಗು ಅರಳಿ ತನ್ನಷ್ಟಕ್ಕೆ ಉದುರುತ್ತಿದೆ. ನಸುಕಿನಲ್ಲಿ ಗಾಳಿ ತಿರುಗಿದಾಗ ಆ ವಾಸನೆ ಡೇರೆಯೊಳಗೆ ಬರುತ್ತದೆ. ನೀನು ನೀರಿನ ಹೂಜಿಯಲ್ಲಿ ನಾಲ್ಕು ಮೊಗ್ಗು ಹಾಕಿಡುತ್ತಿದ್ದೆ. ಆಗ ಅದು ಬರೀ ನೀರಾಗಿತ್ತು ನನಗೆ. ಅಕ್ಕನ ಮನೆಗೆ ಹೊರಡುವ ದಿನ ನೀನಂದದ್ದೂ ನೆನಪಿದೆ: "ಮನೆಯೊಳಗೂ ನೀವು ನೆಲ ನೋಡ್ಕೊಂಡೇ ನಡೀತೀರಿ. ಅದನ್ನ ನೋಡ್ತಾ ಇರೋಕೆ ನನ್ನಿಂದಾಗಲ್ಲ." ಈಗಲೂ ಹಾಗೇ ನಡೆಯುತ್ತೇನೆ. ಆದರೆ ಮೊನ್ನೆ ಆ ತೋಟದಲ್ಲಿ ಕೆಲವು ಹೆಜ್ಜೆ ತಲೆಯೆತ್ತಿ ನಡೆದೆ. ನೋಡಲು ನೀನಿರಲಿಲ್ಲ.

ಗುರುವಾರ ಉಬೈದ್ ಅಲ್ಲಿಂದ ಇಲ್ಲಿಗೆ ಮರಳುತ್ತಾನೆ. ಏಡನ್‌ನ ತವರಿಗೆ ಹೋಗಿರುವ ಅವನ ಹೆಂಡತಿಯೂ ಜೊತೆಗಿರುತ್ತಾಳೆ, ನಿನಗೆ ಸಂಗಾತವಾಗುತ್ತದೆ. ಬರಲೇಬೇಕೆಂದು ಹೇಳಲಾರೆ. ರಸ್ತೆಯ ಬದಿಯಲ್ಲಿ ಮಾತ್ರ ನಿಂತಿರುತ್ತೇನೆ.

ದೇವರು ನಿನ್ನ ಹೆಜ್ಜೆಗಳನ್ನು ಕಾಯಲಿ.

ನಿನ್ನ
ನುಮಾನ್

ಮತ್ತೊಂದು ಮಾತು: ಮಸ್ತೂರಾಳಿಗೆ ಗೊತ್ತಿಲ್ಲ. ಗೋರಾನ್ ಕಲಿಸಿದ ಮೊದಲ ತಂಡದಲ್ಲಿ ನಮ್ಮ ಮಗ ಬಸ್ಸಾಮ್ ಇದ್ದನೆಂದೂ ಇಂಥದೇ ಒಂದು ನೆಲದಿಂದ ಅವನು ಮರಳಲಿಲ್ಲವೆಂದೂ ಆಕೆಗೆ ಯಾರೂ ಹೇಳಿಲ್ಲ. ಆಕೆಯ ಪ್ರಶ್ನೆಗೆ "ಕಳಿಸಿದ್ದೆ" ಎಂಬ ಒಂದೇ ಪದದ ಉತ್ತರ ನನ್ನ ಬಳಿ ಇತ್ತು, ಬಾಯಿಗೆ ಬರಲಿಲ್ಲ. ಗೋರಾನ್ ಕೊಟ್ಟ ಆ ಮೊಣಕಾಲ ಪಟ್ಟಿ ಅವನವಲ್ಲ, ಬಸ್ಸಾಮನವು. ಹೇಗೆ ಕೊಡುವುದೆಂದು ತಿಳಿಯದೆ ಇಷ್ಟು ದಿನ ಇಟ್ಟುಕೊಂಡಿದ್ದನಂತೆ. ಅವನ್ನು ಕಟ್ಟಿಕೊಂಡೇ ತೋಟ ಮುಗಿಸಿದೆ. ನನ್ನ ಕಾಲಿಗೆ ಬಿಗಿಯಾಗುತ್ತವೆ. ಇನ್ನೂ ಬಿಚ್ಚಿಲ್ಲ.